ಆರಿಸಿ ಕೊಟ್ಟ ಮಾತು

ಒಂದೇ ಮನೆಯಲ್ಲಿದ್ದು, ಒಂದೇ ಒಲೆಯ ಮುದ್ದೆ ಉಂಡು, ಅಪ್ಪ ಮಗ ಮಾತು ಬಿಟ್ಟರೆ ಕಷ್ಟ ಅವರಿಗಲ್ಲ, ನಡುವೆ ಓಡಾಡುವವರಿಗೆ. ಹಾಲುಗೊಂಡನಹಳ್ಳಿಯ ಗಂಗಾಧರಯ್ಯನವರ ಮನೆಯಲ್ಲಿ ಆ ಕಷ್ಟ ಬಿದ್ದದ್ದು ಅವರ ಹೆಂಡತಿ ಹೊಂಬಾಳಮ್ಮನ ಪಾಲಿಗೆ. ಎಪ್ಪತ್ತೆಂಟನೇ ಇಸವಿಯ ಮಾತು.

ಜಗಳ ಹುಟ್ಟಿದ್ದು ಮಗ ಕಾಡಸಿದ್ದಪ್ಪನ ಮದುವೆಯಾದ ಮೇಲೆ, ಬೀಗರ ಔತಣದ ದಿನ. ಹೆಣ್ಣಿನ ಮನೆ ಮಾಯಸಂದ್ರದ ಹತ್ತಿರ. ಮನೆಮಂದಿಯೆಲ್ಲ ಬಾಡಿಗೆ ವ್ಯಾನಿನಲ್ಲಿ ಹೊರಟರೆ ಗಂಗಾಧರಯ್ಯ ಮಾತ್ರ ತಮ್ಮ ಮೋಟಾರ್ ಸೈಕಲ್ಲಿನಲ್ಲೇ ಬರುತ್ತೇನೆಂದು ಹಟ ಹಿಡಿದರು. ಅದು ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜು ಹಾಕಿದ್ದ ವಿಲಾಯಿತಿ ಗಾಡಿ. ಪ್ರಾಯದಲ್ಲಿ ಕೊಂಡದ್ದು. ಅರವತ್ತು ಹತ್ತಿರ ಬಂದರೂ ಅದನ್ನು ಬಿಟ್ಟು ಬಸ್ಸು ಹತ್ತಿದವರಲ್ಲ. ಆ ದಿನ ತುರುವೇಕೆರೆ ದಾಟಿದ ಮೇಲೆ ಗಾಡಿ ಕೈಕೊಟ್ಟಿತು. ತಳ್ಳಿಕೊಂಡು, ಮೈಕೈಯೆಲ್ಲ ಮಸಿ ಮಾಡಿಕೊಂಡು ಬೀಗರ ಚಪ್ಪರಕ್ಕೆ ಬರುವ ಹೊತ್ತಿಗೆ ಎರಡನೇ ಪಂಕ್ತಿಯ ಎಲೆಯೂ ಎತ್ತಿಯಾಗಿತ್ತು.

ಹೊಸ ರೇಷ್ಮೆ ಪಂಚೆ ಉಟ್ಟು ನಿಂತಿದ್ದ ಮಗನಿಗೆ ನಾಚಿಕೆಯಾಯಿತು. ನಾಚಿಕೆಯಾದವನ ಬಾಯಿಗೆ ಬೀಗ ಇರುವುದಿಲ್ಲ.

"ಆ ಗುಜರೀನ ತೂಕಕ್ಕೆ ಹಾಕಿ ಅಂತ ಯಾವತ್ತಿಂದ ಬಡ್ಕೊತಿದೀನಿ. ಬೀಗರ ಮುಂದೆ ಮಾನ ಕಳೆಯಕ್ಕೆ ಇದೊಂದು ಬೇಕಿತ್ತಾ?"

"ಹಳೇದನ್ನೆಲ್ಲ ತೂಕಕ್ಕೆ ಹಾಕಂಗಿದ್ರೆ ನನ್ನನ್ನೂ ಹಾಕ್ಬುಡ್ಲಾ, ಒಂದೇ ಸಲಕ್ಕೆ ಮುಗೀತದೆ," ಎಂದರು ಗಂಗಾಧರಯ್ಯ. ಬೀಗರು ಕೈಕಾಲು ಹಿಡಿದುಕೊಂಡರೂ ಉಣ್ಣದೆ ಹಿಂದಿರುಗಿದರು. ಬೀಗರ ಮನೆಯಲ್ಲಿ ಎಲೆ ಮುಂದೆ ಕೂರದೆ ಬಂದ ಮೇಲೆ ಅದು ಸಣ್ಣ ಮಾತಾಗಿ ಉಳಿಯುವುದಿಲ್ಲ. ಅಪ್ಪ ಮಗ ಮಾತು ಬಿಟ್ಟರು.

ಅಂದಿನಿಂದ ಅಪ್ಪ ಜಗುಲಿಯಲ್ಲಿದ್ದರೆ ಮಗ ಹಿತ್ತಲಲ್ಲಿ. ಅಪ್ಪ ಉಂಡು ಕೈ ತೊಳೆದ ಮೇಲೆ ಮಗ ಮಣೆಗೆ ಬರುವುದು. ಕಾಡಸಿದ್ದಪ್ಪ ತಿಪಟೂರಿನಲ್ಲಿ ಮೋಟಾರು ಬಿಡಿಭಾಗದ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದ. ಬೆಳಗಿನ ಮೊದಲ ಬಸ್ಸಿಗೆ ಹೋಗಿ ಕತ್ತಲಾಗುವಾಗ ಬರುವವನು. ಆದರೂ ಒಂದು ಮನೆ ಎಂದ ಮೇಲೆ ಒಬ್ಬರಿಗೊಬ್ಬರು ಹೇಳುವುದು ಇದ್ದೇ ಇರುತ್ತದೆ. ಅಟ್ಟದ ಮೇಲಿನ ಕಾಯಿ, ತೋಟದ ಬೇಲಿ, ಹಸುವಿನ ಹುಲ್ಲು. ಅದೆಲ್ಲ ಹೊಂಬಾಳಮ್ಮನ ಕೈಯಲ್ಲಿ ಹೋಗಬೇಕು, ಹೊಂಬಾಳಮ್ಮನ ಕೈಯಲ್ಲಿ ಬರಬೇಕು.

"ನಿನ್ನ ಮಗನಿಗೆ ಹೇಳು," ಎನ್ನುವರು ಗಂಗಾಧರಯ್ಯ ಜಗುಲಿಯಿಂದ. "ನಾಳೆ ಅಟ್ಟದ ಕೊಬ್ಬರಿ ಇಳಿಸಕ್ಕೆ ಆಳು ಬತ್ತಾರೆ. ಕೆಲಸ ಮಾಡೋ ಯೋಗ್ತಿ ಇಲ್ದಿದ್ರೂ ನಿಂತು ನೋಡೋ ಯೋಗ್ತಿನಾದ್ರೂ ಇರ್ಲಿ ಅನ್ನು."

ಹೊಂಬಾಳಮ್ಮ ಹಿತ್ತಲಿಗೆ ಬಂದು ಹೇಳುವರು: "ನಾಳೆ ಕೊಬ್ಬರಿ ಇಳಿಸ್ತಾರಂತೆ ಕಣಪ್ಪ. ನೀನು ಜೊತೇಲಿದ್ರೆ ಒಂದು ಧೈರ್ಯ ಅಂತ ನಿಮ್ಮಪ್ಪ ಅಂದ್ರು."

"ನಂಗೇನು ಬೇರೆ ಕ್ಯಾಮೆ ಇಲ್ವಂತಾ? ಅಂಗಡಿ ಅವರಪ್ಪಂದಾ? ಆಗಲ್ಲ ಅನ್ನು."

ಜಗುಲಿಗೆ ಹೋಗುವಷ್ಟರಲ್ಲಿ ಅದು, "ಅಂಗಡೀಲಿ ರಜೆ ಕೊಡಲ್ವಂತೆ ಕಣ್ರೀ, ಪಾಪ, ಬೇಜಾರು ಮಾಡ್ಕೊಂಡ," ಎಂದಾಗಿರುತ್ತಿತ್ತು.

ಎರಡು ಕಡೆಯದನ್ನೂ ಕೇಳಿಸಿಕೊಳ್ಳುತ್ತಿದ್ದವಳು ಸೊಸೆ ಸರ್ವಮಂಗಳ ಒಬ್ಬಳೇ. ಹೊಸದಾಗಿ ಬಂದವಳು, ಚುರುಕಿನ ಹುಡುಗಿ. ಒಂದು ಸಂಜೆ ನಗು ತಡೆಯಲಾರದೆ ಕೇಳಿದಳು:

"ಅತ್ತೆ, ಮಾವನೋರು ಹಂಗಂದ್ರಾ?"

ಹೊಂಬಾಳಮ್ಮ ಮೊರದಲ್ಲಿ ಹುರುಳಿಕಾಳು ಆರಿಸುತ್ತಿದ್ದರು. "ಮಾತು ಅನ್ನೋದೂ ಕಾಳಿದ್ದಂಗೆ ಕಣೆ ಮಂಗಳಾ. ಕಲ್ಲು ಮಣ್ಣು ಆರಿಸ್ದೆ ಹಂಗೇ ಬೇಯಿಸಿ ಬಡಿಸಿದ್ರೆ ತಿನ್ನೋರ ಹಲ್ಲು ಮುರೀತದೆ."

"ಆರಿಸೋದೇನೋ ಸರಿ. ಇಲ್ದಿರೋ ಕಾಳನ್ನೂ ಸೇರಿಸ್ತೀರಲ್ಲ ನೀವು?"

"ಮನೇಲಿ ನಾಲ್ಕು ಜನ. ಎರಡು ಕಾಳು ಹೆಚ್ಚಾದ್ರೆ ಯಾರ ಗಂಟು ಹೋಯ್ತದೆ?" ಎಂದು ಅವರೂ ನಕ್ಕರು.

ನಗು ಹೊರಗಿನದು. ಒಳಗೆ ಆ ಹೆಂಗಸಿಗೆ ಇದ್ದದ್ದು ಒಂದೇ ಆಸೆ. ಬರುವ ಯುಗಾದಿಯೊಳಗೆ ಅಪ್ಪ ಮಗ ಒಂದು ಪಂಕ್ತಿಯಲ್ಲಿ ಕೂತು ಉಣ್ಣಬೇಕು, ಒಬ್ಬರ ಮುಖ ಒಬ್ಬರು ನೋಡಿ ಒಂದು ಮಾತಾಡಬೇಕು. ತಾನು ಕಲ್ಲು ಆರಿಸಿ ಆರಿಸಿ ಕೊಡುತ್ತಿದ್ದರೆ ಇವತ್ತಲ್ಲ ನಾಳೆ ಇಬ್ಬರೂ ಮೆತ್ತಗಾಗುತ್ತಾರೆ ಎಂದು ಅವರು ನಂಬಿದ್ದರು.

ಆಷಾಢದಲ್ಲಿ ಗಂಗಾಧರಯ್ಯನವರ ಬೆನ್ನು ಹಿಡಿದುಕೊಂಡಿತು. ಆ ಗಾಡಿಯ ಮುಂದಿನ ಚಕ್ರವನ್ನು ಹಿಡಿದಿದ್ದುದು ಬರಿಯ ಕಬ್ಬಿಣದ ಸರಳುಗಳು ಮತ್ತು ಮೇಲೊಂದು ಸ್ಪ್ರಿಂಗು. ಮೂವತ್ತು ವರ್ಷದಲ್ಲಿ ಸ್ಪ್ರಿಂಗು ಸತ್ತು ಕೂತಿತ್ತು. ರಸ್ತೆಯ ಒಂದೊಂದು ಗುಂಡಿಯೂ ನೆಟ್ಟಗೆ ಸವಾರನ ಬೆನ್ನುಮೂಳೆಗೆ ಬಂದು ಗುದ್ದುತ್ತಿತ್ತು. ತಿಪಟೂರಿನ ಡಾಕ್ಟರು ಗಾಡಿ ಬಿಡಿ ಎಂದರು. ಇವರು ಡಾಕ್ಟರನ್ನು ಬಿಟ್ಟರು. ಸಂಜೆ ಹೊಂಬಾಳಮ್ಮ ಬಿಸಿ ಕೊಬ್ಬರಿ ಎಣ್ಣೆ ಹಚ್ಚಿ ನೀವುವಾಗ ನರಳುವುದು ಗೋಡೆಯಾಚೆ ಉಣ್ಣುತ್ತಿದ್ದ ಮಗನಿಗೆ ಕೇಳಿಸುತ್ತಿತ್ತು. ಅವನು ತಲೆ ಎತ್ತುತ್ತಿರಲಿಲ್ಲ. ಮುದ್ದೆ ಮಾತ್ರ ಅರ್ಧಕ್ಕೇ ನಿಲ್ಲುತ್ತಿತ್ತು.

ಕೆಲವು ದಿನವಾದ ಮೇಲೆ ಅವನು ಬಸ್ಸಿಳಿಯುವಾಗ ಹೆಗಲ ಮೇಲೆ ಗೋಣಿಯಲ್ಲಿ ಸುತ್ತಿದ ಏನೋ ಇತ್ತು. ಹಿತ್ತಲಲ್ಲಿ ಬಿಚ್ಚಿದ. ಮಿರಿಮಿರಿ ಮಿಂಚುವ ಎರಡು ಉದ್ದದ ಕೊಳವೆಗಳು, ಒಂದೊಂದರೊಳಗೂ ಇನ್ನೊಂದು ಜಾರುವಂಥವು. ಒಳಗೆ ಸ್ಪ್ರಿಂಗು, ಅದರ ಸುತ್ತ ಎಣ್ಣೆ ನಿಲ್ಲುವ ಜಾಗ. ಬೆಂಗಳೂರಿನ ಒಂದು ಲೇತ್ ಕಾರ್ಖಾನೆಯವರು ಹಳೇ ಗಾಡಿಗಳಿಗೆಂದೇ ಮಾಡಿ ಮಾರುತ್ತಿದ್ದ ಮುಂದಿನ ಫೋರ್ಕು ಅದು.

"ಗಾಡಿ ಮಾರಲ್ಲ ಅಂದ್ರೆ ಮಾರದು ಬೇಡ," ಎಂದ ತಾಯಿಗೆ. "ಇದನ್ನಾದ್ರೂ ಹಾಕಿಸ್ಕೊಳ್ಲಿ ಅನ್ನು. ಬೆನ್ನು ಮುರ್ಕೊಂಡು ಮೂಲೇಲಿ ಬಿದ್ರೆ ಹೇಲು ಉಚ್ಚೆ ಬಾಚೋರು ಯಾರು?"

ಹೊಂಬಾಳಮ್ಮ ಜಗುಲಿಗೆ ಹೋಗಿ, "ನಿಮ್ಮ ನೋವು ನೋಡಕ್ಕಾಗಲ್ಲ ಅಂತ ಮಗ ಬೆಂಗಳೂರಿಂದ ತರ್ಸೌನೆ ಕಣ್ರೀ," ಎಂದರು.

ಗಂಗಾಧರಯ್ಯ ಕೊಳವೆಯ ಮೇಲೆ ಬೆರಳಾಡಿಸಿದರು. "ಒಳ್ಳೆ ಮದುವಣಗಿತ್ತಿ ಕೈ ಬಳೆ ಹೊಳೆದಂಗೆ ಹೊಳೀತವೆ. ನನ್ನ ಗಾಡಿಗೆ ಒಪ್ತವಾ ಇವು?" ಇನ್ನೊಂದು ಸಲ ಸವರಿ, "ಅವನೇ ತಂದ್ನಾ?" ಎಂದರು.

"ಅವನೇ ಹೊತ್ಕೊಂಡು ಬಂದ."

ಆ ಎರಡು ಮಾತಿನಲ್ಲಿ ಆರಿಸಬೇಕಾದ ಕಲ್ಲು ಒಂದೂ ಇರಲಿಲ್ಲ. ಹೊಂಬಾಳಮ್ಮನಿಗೆ ಆ ರಾತ್ರಿ ಊಟ ಸೇರಿತು.

ಕೂಡಿಸುವ ಕೆಲಸ ತಿಪಟೂರು ಬಸ್‌ಸ್ಟ್ಯಾಂಡಿನ ಹಿಂದೆ ನಜೀರ್ ಅಹಮದನ ಶೆಡ್ಡಿನಲ್ಲಿ. ಗಾಡಿಯ ಮೂತಿಯನ್ನು ತೊಲೆಗೆ ಸರಪಳಿಯಲ್ಲಿ ತೂಗಿಹಾಕಿ ನಜೀರ್ ಹಳೆಯ ಸರಳುಗಳನ್ನು ಬಿಚ್ಚಿದ. ಹೊಸ ಫೋರ್ಕಿನ ಕಾಂಡ ಸಣ್ಣ, ಗಾಡಿಯ ಕೊರಳು ದೊಡ್ಡದು. ನಡುವೆ ತೊಡಿಸಲು ಲೇತಿನಲ್ಲಿ ಬುಷ್ ಕಡೆಸಿ ತರಬೇಕಾಯಿತು. ಚಕ್ರದ ಅಚ್ಚಿಗೆ ತೂತು ದೊಡ್ಡದು ಮಾಡಬೇಕಾಯಿತು. ದೀಪದ ಕಿವಿಗಳು ಕೂಡಲಿಲ್ಲ, ಬಡಿದು ಬಗ್ಗಿಸಬೇಕಾಯಿತು. ಅಪ್ಪ ಒಂದು ಟೈರಿನ ಮೇಲೆ, ಮಗ ಇನ್ನೊಂದು ಟೈರಿನ ಮೇಲೆ. ನಡುವೆ ನಜೀರ್.

"ಯಜಮಾನ್ರೇ, ಹ್ಯಾಂಡಲ್ ಎತ್ತರ ಸಾಕಾ?"

"ತಂದೋರ್ನ ಕೇಳಪ್ಪ."

"ಏನ್ ಸಿದ್ದಪ್ಪನೋರೆ, ಸಾಕಾ?"

"ಓಡಿಸೋರ್ನ ಕೇಳಿ ಸಾಬ್ರೇ."

ನಜೀರ್ ಸ್ಪ್ಯಾನರ್ ಕೆಳಗಿಟ್ಟ. "ನಾನು ಗಾಡಿ ಮಾಡ್ಲೋ, ನಿಮ್ಮಿಬ್ಬರ ಮಧ್ಯೆ ಟಪಾಲು ಹಂಚ್ಲೋ, ಒಂದು ಹೇಳ್ಬುಡಿ."

ಗಂಗಾಧರಯ್ಯನವರ ಮೀಸೆಯಲ್ಲಿ ನಗು ಬಂದು ಹೋಯಿತು. ಎಲೆಯಡಿಕೆ ತರುತ್ತೇನೆಂದು ಎದ್ದು ಹೊರಗೆ ಹೋದರು. ಅವರು ಆಚೆ ಹೋದಾಗಲೇ ನಜೀರ್ ಕೊಳವೆಗಳ ತಲೆಯ ಬೋಲ್ಟು ಬಿಚ್ಚಿ ಶಾಕ್ ಆಯಿಲ್ ತುಂಬಿದ್ದು. "ಇದಕ್ಕೆ ಇದೇ ಆಯಿಲ್, ಬೇರೆ ಬೇಡ," ಎಂದು ಅವನು ಹೇಳಿದ್ದನ್ನು ಕೇಳಿಸಿಕೊಂಡವನು ಮಗ ಒಬ್ಬನೇ. ಅಪ್ಪ ತಿರುಗಿ ಬಂದಾಗ ನಜೀರ್ ಬೋಲ್ಟು ಬಿಗಿಯುತ್ತಿದ್ದ. ಎಣ್ಣೆ ಹಾಕುವ ಬಾಯಿ ಅದು ಎಂದಷ್ಟೇ ಅವರು ತಿಳಿದುಕೊಂಡರು.

ಶ್ರಾವಣ ಭಾದ್ರಪದಗಳಲ್ಲಿ ಆ ಮನೆ ಸುಖವಾಗಿತ್ತು. ಗುಂಡಿಗೆ ಬಿದ್ದರೆ ಮುಂದಿನ ಚಕ್ರ ತಾನೇ ಮಡಿಸಿಕೊಂಡು ತಾನೇ ಏಳುತ್ತಿತ್ತು. ಗಂಗಾಧರಯ್ಯ ಹಂದನಕೆರೆಗೆ ಸುಮ್ಮಸುಮ್ಮನೆ ಹೋಗಿ ಬರತೊಡಗಿದರು. ಬೋರನಕಣಿವೆ ಜಲಾಶಯ ತುಂಬಿದೆ ಎಂದು ಸುದ್ದಿ ಬಂದಾಗ ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು ಅಲ್ಲಿಗೂ ಹೋದರು. ನೀರು ನೋಡುತ್ತ ನಿಂತಾಗ, "ಹುಡುಗ ಕೆಟ್ಟೋನಲ್ಲ ಕಣೆ," ಎಂದರು.

"ಅದನ್ನ ಅವನಿಗೇ ಹೇಳ್ಬಾರ್ದಾ?"

"ಮೊದ್ಲು ಅವನು ಬರ್ಲಿ. ಬೀಗರ ಮುಂದೆ ಅಂದೋನು ಅವನು."

ಮನೆಯಲ್ಲಿ ಮಗನೂ ಅದನ್ನೇ ಹೇಳುತ್ತಿದ್ದ. "ಉಣ್ದೆ ಎದ್ದು ಬಂದೋರು ಅವರು. ಮೊದ್ಲು ಅವರು ಕರೀಲಿ." ಇಬ್ಬರೂ ಬಾಗಿಲ ಹತ್ತಿರದವರೆಗೆ ಬಂದು, ಚಿಲಕ ತೆಗೆಯುವುದು ಇನ್ನೊಬ್ಬನ ಕೆಲಸ ಎಂದು ಕೂತಿದ್ದರು. ಇಂಥ ಮೊಂಡುತನಕ್ಕೆ ಮದ್ದು ನಮ್ಮ ಕಡೆ ಇನ್ನೂ ಸಿಕ್ಕಿಲ್ಲ.

ಕಾರ್ತೀಕ ಮಾಸದಲ್ಲಿ ಕಾಡಸಿದ್ದಪ್ಪ ಬೆಳಿಗ್ಗೆ ಬಸ್ಸಿಗೆ ಹೊರಟವನು ಗಾಡಿ ನಿಂತಿದ್ದ ಜಾಗದಲ್ಲಿ ನೆಲ ನೋಡಿದ. ಎಣ್ಣೆಯ ಕಲೆ. ಕೊಳವೆಯ ಸೀಲು ಸೋರುತ್ತಿತ್ತು. ಒಳಗೆ ಬಂದು ತಾಯಿಗೆ ಹೇಳಿದ. ಹೇಳಿದ್ದು ಇಷ್ಟೂ ಮಾತು:

"ಫೋರ್ಕಿಂದ ಎಣ್ಣೆ ಸೋರಿ ಹೋಗೈತೆ. ಎಣ್ಣೆ ಹಾಕ್ಬೇಕು. ಶನಿವಾರ ಅಂಗಡಿಯಿಂದ ಡಬ್ಬ ತತ್ತೀನಿ, ಅಲ್ಲೀಗಂಟ ಮುಟ್ಟದು ಬೇಡ ಅನ್ನು ಆ ಮುದುಕಂಗೆ. ಡಬ್ಬ ಯಾಕೆ ದಂಡ ಅಂತ ಮನೇ ಎಣ್ಣೆ ಸುರಿಯೋ ಜಿಪುಣಬುದ್ಧಿ ಅವರದು, ನಂಗೊತ್ತಿಲ್ವಾ? ಕೈಲಾಗಲ್ಲ, ಕೇಳೋದೂ ಇಲ್ಲ. ಬೇರೆ ಎಣ್ಣೆ ಸುರಿದು ಕೆಡಿಸ್ಕೊಂಡ್ರೆ ನಾನು ಹೊಣೆಯಲ್ಲ ಅನ್ನು."

ಹೊಂಬಾಳಮ್ಮ ಜಗುಲಿಗೆ ಬಂದರು. ಗಂಗಾಧರಯ್ಯ ಬಿಸಿಲಿಗೆ ಬೆನ್ನು ಕೊಟ್ಟು ಕೂತಿದ್ದರು. ಮುಖ ಪ್ರಸನ್ನವಾಗಿತ್ತು. ಅದನ್ನು ನೋಡಿದ ಮೇಲೆ 'ಮುದುಕ' ಎಂಬ ಮಾತು ಹೊಂಬಾಳಮ್ಮನ ನಾಲಿಗೆಯಿಂದ ಬರಲಿಲ್ಲ, ಅದಕ್ಕೆ ಅಂಟಿದ್ದ ಶನಿವಾರದ ಡಬ್ಬದ ಮಾತೂ ಒಳಗೇ ಉಳಿಯಿತು. 'ಜಿಪುಣ' ಎಂಬುದೂ ಬರಲಿಲ್ಲ. ಜಿಪುಣ ಬಿಟ್ಟರೆ ಮನೆಯ ಎಣ್ಣೆಯ ಮಾತಿಗೆ ತಲೆಯಿಲ್ಲ ಬುಡವಿಲ್ಲ, ಅದನ್ನೂ ಬಿಟ್ಟರು. ಹೊಣೆಯಲ್ಲ ಎಂಬುದನ್ನು ಹೇಗೆ ಹೇಳುವುದು? ಕಲ್ಲುಗಳನ್ನೆಲ್ಲ ಆರಿಸಿ ಬಿಸಾಡಿದರು. ಅವುಗಳ ಜೊತೆಗೆ ಕಾಳೂ ಹೋಯಿತು.

"ಮುಂದಿನ ಕೊಳವೆಯಿಂದ ಎಣ್ಣೆ ಸೋರಿ ಹೋಗೈತಂತೆ ಕಣ್ರೀ. ಎಣ್ಣೆ ಹಾಕ್ಬೇಕಂತೆ," ಎಂದರು. ಇಷ್ಟೇ ಸಪ್ಪೆಯಾಯಿತೆನಿಸಿ, "ಅಪ್ಪನ ಬೆನ್ನು ಜ್ವಾಪಾನ ಅಂದ," ಎಂದು ತಾವೇ ಎರಡು ಕಾಳು ಸೇರಿಸಿದರು.

"ಹಂಗಂದ್ನಾ?" ಎಂದು ಗಂಗಾಧರಯ್ಯ ಆಗಲೇ ಎದ್ದರು.

ಆ ಮನೆಯಲ್ಲಿ ಎಣ್ಣೆ ಎಂದರೆ ಒಂದೇ. ಮಾರಲು ಬಾರದ ಒಡಕು ಕೊಬ್ಬರಿ ಗಾಣಕ್ಕೆ ಹೋಗಿ, ಡಬ್ಬಿಯಲ್ಲಿ ತಿರುಗಿ ಬರುವುದು. ತಲೆಗೂ ಅದೇ, ದೀಪಕ್ಕೂ ಅದೇ, ಕೀರಲುವ ಬಾಗಿಲಿಗೂ, ಹೊಲಿಗೆ ಮಿಷನ್ನಿಗೂ ಅದೇ. ಗಂಗಾಧರಯ್ಯ ಜಿಪುಣತನಕ್ಕೆ ಹಾಕಲಿಲ್ಲ. ಮಗ ಬೆನ್ನಿನ ಯೋಚನೆ ಮಾಡಿದನಲ್ಲ ಎಂಬ ಸಂತೋಷಕ್ಕೆ, ದೇವರ ದೀಪಕ್ಕೆಂದು ಬೇರೆ ಇಟ್ಟಿದ್ದ ತಿಳಿ ಎಣ್ಣೆಯನ್ನೇ ತೆಗೆದರು. ಕೊಳವೆಯ ಕೆಳಗಿನ ತಿರುಪು ಬಿಚ್ಚಿ ಉಳಿದಿದ್ದ ಕಪ್ಪು ಎಣ್ಣೆಯನ್ನು ಹೊರಗೆ ಚೆಲ್ಲಿ, ಮೇಲಿನ ಬೋಲ್ಟು ಬಿಚ್ಚಿ, ಸೊಸೆಯ ಕೈಯಿಂದ ಆಲಿಕೆ ತರಿಸಿ, ಎರಡು ಕೊಳವೆಗೂ ಸಮನಾಗಿ ಹೊಯ್ದರು. ಸೀಲಿನ ಮೇಲೆ ಬಟ್ಟೆ ಸುತ್ತಿದರು. ಹಗಲಿನ ಬಿಸಿಲಿಗೆ ಗಾಡಿ ಮೊದಲಿನ ಹಾಗೇ ಮೆತ್ತಗೆ ಓಡಿತು.

ಶನಿವಾರ ಮಗ ಡಬ್ಬ ತಂದ. ಹೊಂಬಾಳಮ್ಮ ಜಗುಲಿಗೆ ಒಯ್ದರು.

"ಆಗ್ಲೇ ಹಾಕಾಯ್ತಲ್ಲ," ಎಂದರು ಗಂಗಾಧರಯ್ಯ. "ಇರ್ಲಿ, ಮುಂದಕ್ಕಾಯ್ತದೆ, ಎತ್ತಿಡು. ಇದಕ್ಕೆ ಸುಮ್ನೆ ದುಡ್ಡು ಹಾಳು ಮಾಡ್ತಾನೆ, ಬುದ್ಧಿಯಿಲ್ಲ."

"ತಗೊಂಡ್ರು ಕಣಪ್ಪ," ಎಂದರು ಹೊಂಬಾಳಮ್ಮ ಒಳಗೆ ಬಂದು. ಸುಳ್ಳೇನಲ್ಲ, ತೆಗೆದುಕೊಂಡಿದ್ದರು.

ಮಾರ್ಗಶಿರ ಮುಗಿದು ಪುಷ್ಯದ ಚಳಿ ಬಿತ್ತು. ಅವರೆಕಾಯಿಯ ಕಾಲ. ಮನೆಯೆಲ್ಲ ಸೊಗಡಿನ ವಾಸನೆ. ಸರ್ವಮಂಗಳ ದಿನವೂ ಕಾಳು ನೆನೆಹಾಕಿ ಹಿದುಕುತ್ತಿದ್ದಳು. ಗಾಡಿ ನಿಲ್ಲುತ್ತಿದ್ದ ಜಾಗದಲ್ಲಿ ಈಗ ಕಲೆ ಬೀಳುತ್ತಿರಲಿಲ್ಲ. ಮಗ ಅದನ್ನು ನೋಡಿ, ಡಬ್ಬದ ಎಣ್ಣೆ ಹಾಕಿಕೊಂಡಿದ್ದಾರೆ, ಸರಿಯಾಗಿದೆ ಎಂದುಕೊಂಡ. ಬಿಸಿಲೇರುವ ತನಕ ಚಳಿಗೆ ಗಂಗಾಧರಯ್ಯ ಹೊರಗೆ ಹೊರಡುತ್ತಿರಲಿಲ್ಲ. ಹಾಗಾಗಿ ಅವರಿಗೂ ಏನೂ ತಿಳಿಯಲಿಲ್ಲ.

ಒಂದು ಬೆಳಿಗ್ಗೆ ಮೊದಲ ಬಸ್ಸು ಬರಲಿಲ್ಲ. ಅಂಗಡಿಯ ಸಾಹುಕಾರರು ಊರಿಗೆ ಹೋಗಿದ್ದರು, ಬೀಗದ ಕೈ ಕಾಡಸಿದ್ದಪ್ಪನ ಹತ್ತಿರ. ಅವನು ರಸ್ತೆಗೂ ಮನೆಗೂ ತಿರುಗಾಡಿ ಚಡಪಡಿಸುತ್ತಿದ್ದ. ಹೊಂಬಾಳಮ್ಮ ಹೆದರುತ್ತಲೇ ಜಗುಲಿಗೆ ಹೋದರು.

"ಬಸ್ಸು ಬರ್ಲಿಲ್ವಂತೆ ಕಣ್ರೀ. ಅಂಗಡಿ ಬೀಗದ ಕೈ ಇವನ ಹತ್ರ ಐತಂತೆ."

ಗಂಗಾಧರಯ್ಯ ಕಂಬಳಿಯೊಳಗಿಂದ ಮುಖ ತೆಗೆದರು. ಎದ್ದು ಮಫ್ಲರ್ ಸುತ್ತಿಕೊಂಡರು.

"ಕೂತ್ಕೊಳಕ್ಕೆ ಹೇಳು."

ಹೊಂಬಾಳಮ್ಮ ಅಡುಗೆಮನೆಗೆ ಓಡಿದರು. "ಕೂತ್ಕೊಳಕ್ಕೆ ಹೇಳು ಅಂದ್ರು ಕಣಪ್ಪ. ಅಷ್ಟೇ ಅಂದ್ರು. ಅವರ ಬಾಯಲ್ಲಿ ಬಂದಂಗೇ ಹೇಳ್ತಿದೀನಿ."

ಕಾಡಸಿದ್ದಪ್ಪ ಹೊರಗೆ ಬಂದು ಹಿಂದಿನ ಸೀಟಿನಲ್ಲಿ ಕೂತ. ಗಾಡಿ ಡುಗುಡುಗು ಎಂದು ಬೀದಿ ದಾಟಿತು. ಅತ್ತೆ ಸೊಸೆ ಇಬ್ಬರೂ ಬಾಗಿಲಲ್ಲಿ ನಿಂತು ನೋಡಿದರು. ಹೊಂಬಾಳಮ್ಮನ ಕಣ್ಣಲ್ಲಿ ನೀರಾಡಿತು.

"ಮಂಗಳಾ, ಇವತ್ತು ಪಾಯಸ ಮಾಡಣ ಕಣೆ. ಬಾ, ಬಿಸಿಲು ಬರೋದ್ರೊಳಗೆ ನಿಂಗೆ ತಲೆಗೆ ಎಣ್ಣೆ ಹಚ್ತೀನಿ."

ಗೂಡಿನಲ್ಲಿದ್ದ ಎಣ್ಣೆ ಸೀಸೆ ಚಳಿಗೆ ಗಟ್ಟಿಯಾಗಿ ಬೆಳ್ಳಗೆ ಕೂತಿತ್ತು. ಹೊಂಬಾಳಮ್ಮ ಅದನ್ನು ಒಲೆಯ ಪಕ್ಕದಲ್ಲಿಟ್ಟರು. ಚಳಿಗಾಲದಲ್ಲಿ ಕೊಬ್ಬರಿ ಎಣ್ಣೆ ಹೆಪ್ಪುಗಟ್ಟುತ್ತದೆ ಎಂಬುದು ನಮ್ಮ ಸೀಮೆಯಲ್ಲಿ ಹಾಲುಗಲ್ಲದ ಮಕ್ಕಳಿಗೂ ಗೊತ್ತು. ಆ ಮನೆಯಲ್ಲೂ ಎಲ್ಲರಿಗೂ ಗೊತ್ತಿತ್ತು. ಆದರೆ ಸೀಸೆಯನ್ನು ಒಲೆಯ ಪಕ್ಕ ಇಡುವವರು ಮೋಟಾರ್ ಸೈಕಲ್ಲನ್ನು ಒಲೆಯ ಪಕ್ಕ ಇಡುವುದಿಲ್ಲ. ಆ ಎಣ್ಣೆ, ಈ ಎಣ್ಣೆ ಒಂದೇ ಎಂಬುದು ಅವರ ತಲೆಗೆ ಬರಲೇ ಇಲ್ಲ.

ಸರ್ವಮಂಗಳನ ಜಡೆ ಇನ್ನೂ ಅರ್ಧ ಹೆಣೆದಿತ್ತು. ಕೆರೆಯ ನೀರು ಬಿಡುವ ನೀರುಗಂಟಿ ಸಣ್ಣತಿಮ್ಮಯ್ಯ ಏರಿಯ ಕಡೆಯಿಂದ ಬಾಯಿ ಬಡಿದುಕೊಳ್ಳುತ್ತ ಓಡಿ ಬಂದ.

"ಅಮ್ಮಾರೇ, ಗಾಡಿ ಬಿದ್ದೋಯ್ತು! ಏರಿ ಇಳಿಯುವಾಗ ಕಲ್ಲಿಗೆ ಹೊಡೀತು, ಮುಂದ್ಗಡೆ ಚಕ್ರ ಎಗರಿ ಅಡ್ಡ ತಿರುಗ್ಬುಡ್ತು. ಯಜಮಾನ್ರು ತೂಬಿನ ಕಲ್ಲಿನ ಮೇಲೆ ಬಿದ್ರು."

ಕೊಬ್ಬರಿ ತುಂಬಿಕೊಂಡು ಹೋಗುತ್ತಿದ್ದ ಲಾರಿಯೊಂದರಲ್ಲಿ ಇಬ್ಬರನ್ನೂ ತಿಪಟೂರಿಗೆ ಸಾಗಿಸಿದರು. ಗಂಗಾಧರಯ್ಯ ದಾರಿಯಲ್ಲೇ ಹೋದರು. ಮಗನಿಗೆ ಬಲಗಡೆಯ ಕೊರಳೆಲುಬು ಮುರಿದಿತ್ತು. ಕೈಯನ್ನು ಎದೆಗೆ ಸೇರಿಸಿ ಕಟ್ಟಿ ಕಳಿಸಿದರು.

ತೋಟದಲ್ಲೇ ಸಮಾಧಿಯಾಯಿತು. ಬೀಗರು ಬಂದರು, ನಂಟರು ಬಂದರು. ಪಾಯಸಕ್ಕೆಂದು ನೆನೆಹಾಕಿದ್ದ ಬೇಳೆ ಹುಳಿತು ಹೋದದ್ದನ್ನು ಸರ್ವಮಂಗಳ ಯಾರಿಗೂ ಕಾಣದಂತೆ ತಿಪ್ಪೆಗೆ ಚೆಲ್ಲಿದಳು.

ಪೊಲೀಸರ ಮಹಜರು ಮುಗಿದು ಗಾಡಿ ಮನೆಗೆ ಬಂದ ಮೇಲೆ ಒಂದು ಬೆಳಿಗ್ಗೆ ನಜೀರ್ ಅಹಮದ್ ಸ್ಪ್ಯಾನರು ಚೀಲದೊಂದಿಗೆ ಬಂದ. ತಾನು ಕೂಡಿಸಿದ ಗಾಡಿ, ತನ್ನ ಕೆಲಸದಲ್ಲೇ ತಪ್ಪಿತ್ತೇನೋ ಎಂದು ಅವನಿಗೆ ನಿದ್ದೆಯಿರಲಿಲ್ಲ. ಅಂಗಳದಲ್ಲಿ ಕೂತು ಫೋರ್ಕು ಬಿಚ್ಚಿದ. ಮೇಲಿನ ಬೋಲ್ಟು ತೆಗೆದು ಕಡ್ಡಿ ಹಾಕಿದರೆ ಕಡ್ಡಿ ಇಳಿಯಲಿಲ್ಲ. ಕೊಳವೆ ಬೋರಲು ಹಾಕಿದರೆ ಏನೂ ಸುರಿಯಲಿಲ್ಲ. ಬೆರಳು ಹಾಕಿ ಕೆದಕಿದ. ಬೆಳ್ಳಗೆ ಬೆಣ್ಣೆಯ ಹಾಗೆ ಬಂತು. ಮೂಸಿ ನೋಡಿ, ಕಾಡಸಿದ್ದಪ್ಪನ ಮುಂದೆ ಕೈ ಚಾಚಿದ.

"ಕೊಬ್ಬರಿ ಎಣ್ಣೆ," ಎಂದ ಕಾಡಸಿದ್ದಪ್ಪ.

ಒಳಗೆ ಹೋಗಿ ತಡಕಿದ. ಗೋಡೆಯ ಹಲಗೆಯ ಮೇಲೆ ತಾನು ತಂದ ಡಬ್ಬ ಮುಚ್ಚಳ ಒಡೆಯದೆ ಹಾಗೇ ಇತ್ತು. ಅದನ್ನು ಅಂಗಳಕ್ಕೆ ತಂದು ನೆಲಕ್ಕೆ ಕುಕ್ಕಿದ.

"ಹೇಳಿ ಕಳ್ಸಿದ್ದೆ! ಮನೇ ಎಣ್ಣೆ ಹಾಕ್ಬೇಡಿ ಅಂತ ಬಾಯಿ ಬಿಟ್ಟು ಹೇಳಿ ಕಳ್ಸಿದ್ದೆ. ಜಿಪುಣತನ, ಹಟ! ನಾನು ಹೇಳಿದ್ದು ಅಂತಲೇ ಕೇಳ್ಲಿಲ್ಲ!"

ಅಂದಿನಿಂದ ಮಾತಾಡಿಸಲು ಬಂದವರಿಗೆಲ್ಲ ಅವನು ಅದನ್ನೇ ಹೇಳಿದ. ತಿಥಿಯ ಶಿವಗಣಾರಾಧನೆಯ ದಿನ ಪಂಕ್ತಿಯಲ್ಲೂ ಹೇಳಿದ. ಊರ ಬಾಯಿಗೆ ಅಷ್ಟು ಸಾಕು. "ಒಂದು ಡಬ್ಬ ಎಣ್ಣೆಗೆ ಲೋಭ ಮಾಡಿ ಜೀವ ಕಳ್ಕೊಂಡ್ರು ನೋಡಪ್ಪ," ಎಂದು ಪಕ್ಕದ ಮನೆಯ ದೊಡ್ಡಣ್ಣ ಉಂಡ ಕೈ ತೊಳೆಯುತ್ತ ಹೇಳಿದ್ದು ಹೊಂಬಾಳಮ್ಮನ ಕಿವಿಗೆ ಬಿತ್ತು. ಬದುಕಿದ್ದಾಗ ಆ ಮನುಷ್ಯನ ಮೇಲೆ ಒಂದು ಕೆಟ್ಟ ಮಾತು ಬೀಳದ ಹಾಗೆ ನೋಡಿಕೊಂಡಿದ್ದರು. ಸತ್ತ ಮೇಲೆ ಊರೆಲ್ಲ ಆಡಿಕೊಳ್ಳುವುದನ್ನು ಕೇಳುತ್ತ ಕೂತರು.

ಹಿತ್ತಲಲ್ಲಿ ಪಾತ್ರೆ ಬೆಳಗುವಾಗ ಸರ್ವಮಂಗಳ ಮೆಲ್ಲಗೆ ಕೇಳಿದಳು. "ಅತ್ತೆ, ಆ ದಿನ ಇವರು ಅಂದಿದ್ದು ನಂಗೂ ಕೇಳಿಸಿತ್ತು. ಮಾವನೋರ ಹತ್ರ ನೀವು ಹೇಳಿದ್ದೂ ಕೇಳಿಸಿತ್ತು. ಆಲಿಕೆ ಕೊಟ್ಟೋಳು ನಾನೇ. ನಂಗೂ ಹೊಳೀಲಿಲ್ಲ. ನೀವು ಹೇಳ್ತೀರಾ, ನಾನು ಹೇಳ್ಲಾ?"

"ನೀನು ಬೇಡ ಕಣವ್ವ," ಎಂದರು ಹೊಂಬಾಳಮ್ಮ. "ಈ ಮಾತು ಇನ್ನೊಬ್ಬರ ಕೈಲಿ ಕಳ್ಸೋದಲ್ಲ."

ಆ ಮಧ್ಯಾಹ್ನ ಊಟಕ್ಕೆ ಮುದ್ದೆ, ಅವರೆಕಾಳಿನ ಸಾರು. ಬಲಗೈ ಕಟ್ಟಿದ್ದರಿಂದ ಕಾಡಸಿದ್ದಪ್ಪನಿಗೆ ತಾಯಿಯೇ ತುತ್ತು ಮಾಡಿ ಬಾಯಿಗಿಡುತ್ತಿದ್ದರು. ಎರಡು ತುತ್ತು ಕೊಟ್ಟು ಹೊಂಬಾಳಮ್ಮ ಹೇಳಿದರು:

"ನೀನು ಹೇಳಿ ಕಳ್ಸಿದ್ದು ಅವರಿಗೆ ಮುಟ್ಟಲಿಲ್ಲ ಕಣಪ್ಪ."

"ಅಂದ್ರೆ?"

"ಎಣ್ಣೆ ಹಾಕ್ಬೇಕಂತೆ ಅಂತ ಅಷ್ಟೇ ಅಂದೆ. ಮನೇ ಎಣ್ಣೆ ಬೇಡ ಅನ್ನೋದು ನಿನ್ನ ಬೈಗುಳದ ಜೊತೆ ಸೇರಿತ್ತು. ಬೈಗುಳ ಬಿಡಕ್ಕೋಗಿ ಅದನ್ನೂ ಬಿಟ್ಟೆ. ಅಪ್ಪನ ಬೆನ್ನು ಜ್ವಾಪಾನ ಅಂದ ಅಂತ ನಾನೇ ಸೇರಿಸ್ದೆ. ಆ ಖುಷಿಗೆ ಅವರು ದೇವರ ಎಣ್ಣೆ ಹಾಕಿದ್ರು. ಜಿಪುಣತನ ಅಲ್ಲ. ಅವರನ್ನ ಹಂಗೆ ಅನ್ಬೇಡ."

ಕಾಡಸಿದ್ದಪ್ಪ ಬಾಯಲ್ಲಿದ್ದ ತುತ್ತು ನುಂಗಲಿಲ್ಲ. ಅದನ್ನು ಕೆನ್ನೆಗೆ ಒತ್ತಿಕೊಂಡೇ ಕೇಳಿದ:

"ಎಲ್ಲಾ ಮಾತೂ ಹಂಗೇ ಮಾಡ್ತಿದ್ದಾ?"

"ಹೂಂ."

"ಅವರು ನಂಗೆ ಹೇಳಿದ್ದು?"

"ಅದೂನೂ."

"ಹಂಗಾದ್ರೆ ಇಷ್ಟು ತಿಂಗ್ಳೂ ಅಪ್ಪ ನಂಗೆ ಏನಂದ್ರು ಅಂತ್ಲೇ ಗೊತ್ತಿಲ್ಲ ನಂಗೆ." ದನಿ ಏರಿತು. "ಯಾರವ್ವ ನಿಂಗೆ ಹೇಳಿದ್ದು ಹಂಗೆ ಮಾಡಕ್ಕೆ? ಬೈದಿದ್ರೆ ಬೈಸ್ಕೊತಿದ್ದೆ. ನಾನು ಬೈದಿದ್ದು ಅವರಿಗೆ ಮುಟ್ಟಿದ್ರೆ ಕೋಪಕ್ಕಾದ್ರೂ ಎದ್ದು ಬಂದು ನನ್ನ ಕೆನ್ನೆಗೆ ಹೊಡೀತಿದ್ರು. ಮಾತಾದ್ರೂ ಶುರುವಾಗ್ತಿತ್ತು!"

ಎಡಗೈಯಲ್ಲಿ ತಟ್ಟೆ ತಳ್ಳಿದ. ಸಾರು ಚೆಲ್ಲಿತು. ಸರ್ವಮಂಗಳ ಒರೆಸಲು ಬಂದವಳು ಅಲ್ಲೇ ನಿಂತಳು. ಹೊಂಬಾಳಮ್ಮ ಕೈಯಲ್ಲಿ ಮಾಡಿದ ತುತ್ತನ್ನು ಹಾಗೇ ಹಿಡಿದುಕೊಂಡಿದ್ದರು. ಕೋಪ ಎಷ್ಟು ಹೊತ್ತು ನಿಂತೀತು? ಅವನ ಮುಖ ಸಣ್ಣ ಹುಡುಗನ ಮುಖದ ಹಾಗೆ ಸೊಟ್ಟಗಾಯಿತು.

"ಅವ್ವ, ನಂಗೆ ಗಾಡಿ ಹತ್ತಿದ ತಕ್ಷಣ ಗೊತ್ತಾಯ್ತು ಕಣವ್ವ," ಎಂದ. "ಮುಂದ್ಗಡೆ ಆಡ್ತಾನೇ ಇರ್ಲಿಲ್ಲ. ಕಬ್ಬಿಣದ ಗೂಟ ಆಗಿತ್ತು. ನಿಲ್ಲಿಸಿ ಅಂತ ಬಾಯಿಗೆ ಬಂತು. ನಾನೇ ಯಾಕೆ ಮೊದ್ಲು ಮಾತಾಡ್ಲಿ ಅಂತ ಸುಮ್ನಾದೆ. ಸಾಯಂಕಾಲ ನಿನ್ನ ಕೈಲೇ ಹೇಳಿ ಕಳ್ಸಣ ಅಂದ್ಕೊಂಡೆ."

ಹೊಂಬಾಳಮ್ಮ ತುತ್ತನ್ನು ತಟ್ಟೆಗೆ ಹಾಕಿದರು.

"ಏರಿ ಮೇಲೆ ಹೋಗ್ತಿದ್ದಂಗೆ ಅವರೇ ನನ್ನ ಕಡೆ ತಿರುಗಿ ಏನೋ ಅಂದ್ರು. ಅವರೇ ಮೊದ್ಲು ಮಾತಾಡಿದ್ರು ಕಣವ್ವ. ಮಫ್ಲರು ಬಾಯಿಗೆ ಅಡ್ಡ ಇತ್ತು, ಗಾಳಿ ಬೇರೆ, ನಂಗೆ ಕೇಳಿಸ್ಲಿಲ್ಲ. ಏನಪ್ಪ ಅಂತ ಒಂದು ಮಾತು ಕೇಳ್ಲಿಲ್ಲ ನಾನು. ಅವರು ಹಂಗೆ ತಿರುಗಿದಾಗ್ಲೇ ಕಲ್ಲು ಬಂತು."

ಸರ್ವಮಂಗಳ ಬಗ್ಗಿ ಚೆಲ್ಲಿದ ಸಾರು ಒರೆಸತೊಡಗಿದಳು.

"ಏನಂದಿರ್ತಾರವ್ವ? ಅವರು ಏನಂತಾರೆ ಅಂತ ನಿಂಗೆ ಗೊತ್ತಿರ್ತದಲ್ಲ. ಹೇಳು."

ಹೊಂಬಾಳಮ್ಮನ ಬಾಯಿ ಅಭ್ಯಾಸಬಲದಿಂದ ತೆರೆಯಿತು. ಮಗನ ಮುಖ ನೋಡಿದರು. "ನಂಗೊತ್ತಿಲ್ಲ ಕಣಪ್ಪ," ಎಂದರು.

"ಏನಾದ್ರೂ ಹೇಳವ್ವ," ಎಂದು ಅವನು ತಾಯಿಯ ಎಂಜಲು ಕೈಯನ್ನೇ ಹಿಡಿದುಕೊಂಡ. "ನೀನು ಕಟ್ಟಿದ್ದೇ ಆದ್ರೂ ಸರಿ, ಒಂದು ಮಾತು ಹೇಳು."

ಹೊಂಬಾಳಮ್ಮ ಅವನ ತಲೆಯನ್ನು ಎದೆಗೆ ಒತ್ತಿಕೊಂಡು ಕೂತರು. ಇಷ್ಟು ತಿಂಗಳೂ ಕೇಳದಿದ್ದರೂ ಹುಟ್ಟುತ್ತಿದ್ದ ಮಾತು, ಮಗ ಬಾಯಿಬಿಟ್ಟು ಬೇಡಿದ ದಿನ ಅವರಿಗೆ ಒಂದೂ ಹುಟ್ಟಲಿಲ್ಲ.